ಖಾಲಿ ಹೊಟ್ಟೆಯ ಓಟ

ಓಡುವ ಹುಡುಗಿಯರ ಊಟ, ಮುಟ್ಟು ಮತ್ತು ಎಲುಬಿನ ಲೆಕ್ಕ

ಮುಂಜಾನೆ ಐದೂವರೆ. ಕಲ್ಮಲದ ರಸ್ತೆಯ ಮೇಲೆ ಮಾನ್ವಿ, ದೇವದುರ್ಗದ ಕಡೆಯ ಬಸ್ಸುಗಳ ಸದ್ದು ಇನ್ನೂ ಶುರುವಾಗಿಲ್ಲ. ರಸ್ತೆಯ ಅಂಚಿನ ಮಣ್ಣಿನಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಓಡುತ್ತಿದ್ದಾಳೆ. ಹೊಟ್ಟೆಯಲ್ಲಿ ಒಂದು ಕಪ್ಪು ಚಹಾ, ಎರಡು ಬಿಸ್ಕತ್ತು. ಹೋದ ವರ್ಷ ವಲಯ ಮಟ್ಟದ ಕ್ರೀಡಾಕೂಟದಲ್ಲಿ ಮೊದಲಿಗಳು, ತಾಲ್ಲೂಕು ಮಟ್ಟದಲ್ಲಿ ಎರಡನೆಯವಳು. ಈ ಸಲ ಜಿಲ್ಲಾ ಮಟ್ಟಕ್ಕೆ ಹೋಗಲೇಬೇಕೆಂಬ ಹಟ. ಅದಕ್ಕಾಗಿ ಮುಂಜಾನೆ ಆರು ಕಿಲೊಮೀಟರ್, ಸಂಜೆ ನಾಲ್ಕು ಕಿಲೊಮೀಟರ್ ಓಟ. ಭಾನುವಾರವೂ ಬಿಡುವಿಲ್ಲ.

ಆದರೆ ಎರಡು ತಿಂಗಳಿಂದ ಅವಳ ಓಟ ನಿಧಾನವಾಗುತ್ತಿದೆ. ಮೊಣಕಾಲಿನ ಕೆಳಗೆ ಎಲುಬಿನಲ್ಲಿ ಸಣ್ಣಗೆ ನೋವು. ತರಗತಿಯಲ್ಲಿ ಮಧ್ಯಾಹ್ನವಾದರೆ ಕಣ್ಣು ಮುಚ್ಚಿಕೊಂಡು ಹೋಗುತ್ತದೆ. ‘ಅಭ್ಯಾಸ ಸಾಲದು, ಇನ್ನೂ ಓಡು’ ಎನ್ನುತ್ತಾರೆ ಸುತ್ತಲಿನವರು. ಅವಳು ಇನ್ನೂ ಎರಡು ಕಿಲೊಮೀಟರ್ ಸೇರಿಸುವ ವಿಚಾರದಲ್ಲಿದ್ದಾಳೆ. ಇನ್ನೊಂದು ಸಂಗತಿ ಮನೆಯಲ್ಲಿ ತಾಯಿಗೆ ಮಾತ್ರ ಗೊತ್ತು: ನಾಲ್ಕು ತಿಂಗಳಿಂದ ಹುಡುಗಿ ಮುಟ್ಟಾಗಿಲ್ಲ. ‘ಓಡೋ ಹುಡುಗಿಗೆ ಒಂದು ಕಾಟ ತಪ್ಪಿದಂಗಾತು ಬಿಡು’ ಎಂದು ತಾಯಿಯೂ ಸುಮ್ಮನಾಗಿದ್ದಾಳೆ.

ಈ ಹುಡುಗಿ ಇಂಥವಳೇ ಎಂದು ಬೆರಳು ಮಾಡಿ ತೋರಿಸುವಂತಿಲ್ಲ. ಒಂದು ಲೆಕ್ಕ ಬಿಡಿಸುವುದಕ್ಕಾಗಿ ಕಲ್ಪಿಸಿಕೊಂಡವಳು ಅವಳು. ಆದರೆ ಓಟ, ಕಬಡ್ಡಿ, ಕೊಕ್ಕೊ ಆಡುವ ಹುಡುಗಿಯರಿರುವ ಯಾವ ಊರಿನಲ್ಲಾದರೂ ಇಂಥವಳು ಇರಬಹುದು. ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆಂದು ನಸುಕಿನಲ್ಲೇ ಎದ್ದು ಓಡುವ ಯುವತಿಯರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಅವಳ ನಿಧಾನದ ಓಟ, ಕಾಲುನೋವು, ನಿಂತ ಮುಟ್ಟು ಮೂರು ಬೇರೆ ಬೇರೆ ತೊಂದರೆಗಳಲ್ಲ. ಮೂರಕ್ಕೂ ಬೇರು ಒಂದೇ: ದೇಹ ಖರ್ಚು ಮಾಡುತ್ತಿರುವಷ್ಟು ಅನ್ನ ಅದಕ್ಕೆ ಸಿಗುತ್ತಿಲ್ಲ.

ಸೆಕೆಂಡಿನ ನೂರನೇ ಒಂದು ಪಾಲು

ಊಟಕ್ಕೂ ಪದಕಕ್ಕೂ ಏನು ಸಂಬಂಧ ಎನ್ನುವವರು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಬಹುದು. ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಕಂಚು ಗೆದ್ದ ರುಮೇನಿಯಾದ ಕ್ರಿಸ್ಟಿನಾ ಕೊಜೊಕಾರು ಅವರ ಸಮಯ 55.41 ಸೆಕೆಂಡು. ಕಣ್ಣು ರೆಪ್ಪೆ ಬಡಿಯಲು ಬೇಕಾದುದಕ್ಕಿಂತಲೂ ಕಡಿಮೆ ಅಂತರದಲ್ಲಿ ಪದಕ ಕೈತಪ್ಪಿತು. 2018ರಲ್ಲಿ ಒಂದು ಸಂದರ್ಶನದಲ್ಲಿ ಉಷಾ ಆ ದಿನಗಳನ್ನು ನೆನೆದರು. ಒಲಿಂಪಿಕ್ ಗ್ರಾಮದ ಊಟ ತಮಗೆ ಒಗ್ಗಲಿಲ್ಲ, ಅಕ್ಕಿ ಗಂಜಿ ಮತ್ತು ಉಪ್ಪಿನಕಾಯಿಯ ಮೇಲೆ ದಿನ ಕಳೆಯಬೇಕಾಯಿತು, ಕೊನೆಯ 35 ಮೀಟರ್‌ನಲ್ಲಿ ಶಕ್ತಿ ಉಳಿಯಲಿಲ್ಲ ಎಂದು ಹೇಳಿಕೊಂಡರು.

ಉಷಾ ಅವರದು ಒಂದು ಕೂಟದ ಕಥೆ. ಅದೇ ಕೊರತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆದರೆ ಹೋಗುವುದು ಪದಕವೊಂದೇ ಅಲ್ಲ. ಅಮೆರಿಕದ ಮೇರಿ ಕೇನ್ 2013ರಲ್ಲಿ ಹದಿನೇಳನೇ ವಯಸ್ಸಿಗೇ ವಿಶ್ವ ಅಥ್ಲೆಟಿಕ್ಸ್‌ನ 1,500 ಮೀಟರ್ ಫೈನಲ್ ಓಡಿದ ಪ್ರತಿಭೆ. ತೆಳ್ಳಗಾದಷ್ಟೂ ವೇಗ ಹೆಚ್ಚುತ್ತದೆ ಎಂಬ ಒತ್ತಡದಲ್ಲಿ ತೂಕ ಇಳಿಸುತ್ತ ಹೋದುದನ್ನು ಆಕೆ 2019ರಲ್ಲಿ ಬಹಿರಂಗವಾಗಿ ಹೇಳಿದಳು. ಮೂರು ವರ್ಷ ಮುಟ್ಟು ನಿಂತಿತ್ತು, ಐದು ಎಲುಬುಗಳು ಮುರಿದಿದ್ದವು.

ಇದಕ್ಕೆ ವೈದ್ಯಲೋಕ ಹೆಸರಿಟ್ಟು ಮೂರು ದಶಕ ದಾಟಿದೆ. ಶಕ್ತಿಯ ಕೊರತೆ, ಮುಟ್ಟಿನ ಏರುಪೇರು, ಎಲುಬಿನ ಸವಕಳಿ ಈ ಮೂರನ್ನೂ ಸೇರಿಸಿ ‘ಮಹಿಳಾ ಕ್ರೀಡಾಪಟುಗಳ ತ್ರಿವಳಿ’ ಎಂದು ಕರೆಯುವುದು 1990ರ ದಶಕದಲ್ಲಿ ರೂಢಿಗೆ ಬಂತು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದನ್ನು ಇನ್ನಷ್ಟು ವಿಸ್ತರಿಸಿ ‘ರೆಡ್-ಎಸ್’ ಎಂಬ ಹೆಸರು ಕೊಟ್ಟರು. ಕ್ರೀಡೆಯಲ್ಲಿ ಶಕ್ತಿಯ ಕೊರತೆ ಎಂಬುದು ಅದರ ಸಾರ. ಹೃದಯ, ಜೀರ್ಣಾಂಗ, ರೋಗನಿರೋಧಕ ಶಕ್ತಿ, ಬೆಳವಣಿಗೆ, ಮನಸ್ಸು ಎಲ್ಲದರ ಮೇಲೂ ಇದರ ಪೆಟ್ಟು ಬೀಳುತ್ತದೆ. ಗಂಡುಮಕ್ಕಳೂ ಇದರಿಂದ ಹೊರತಲ್ಲ. ಆದರೆ ಹೆಣ್ಣುಮಕ್ಕಳ ದೇಹ ತಿಂಗಳಿಗೊಮ್ಮೆ ಒಂದು ಸೂಚನೆ ಕೊಡುತ್ತದೆ. ಅದನ್ನು ಓದಲು ಕಲಿತರೆ ಅರ್ಧ ಗೆದ್ದಂತೆ.

ಕಲ್ಮಲದ ಹುಡುಗಿಯ ಲೆಕ್ಕ

ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ಹಿಡಿದು ಈ ಲೆಕ್ಕವನ್ನು ತಾವೇ ಮಾಡಬಹುದು.

ನಮ್ಮ ಹುಡುಗಿಯ ತೂಕ 42 ಕಿಲೊ ಎಂದುಕೊಳ್ಳೋಣ. ಅದರಲ್ಲಿ ಕೊಬ್ಬು 8 ಕಿಲೊ ಕಳೆದರೆ ಉಳಿಯುವುದು 34 ಕಿಲೊ. ಸ್ನಾಯು, ಎಲುಬು, ರಕ್ತ, ಮಿದುಳು, ಯಕೃತ್ತು ಇವೆಲ್ಲ ಈ 34 ಕಿಲೊದಲ್ಲಿ ಸೇರಿವೆ. ಹಗಲಿರುಳು ಶಕ್ತಿ ಬೇಡುವ ಭಾಗ ಇದೇ.

ಓಟದ ಖರ್ಚನ್ನು ಅಂದಾಜು ಮಾಡಲು ಒಂದು ಸುಲಭ ಸೂತ್ರವಿದೆ. ಒಂದು ಕಿಲೊಮೀಟರ್ ಓಡಲು ದೇಹದ ತೂಕದ ಪ್ರತಿ ಕಿಲೊಗೆ ಸುಮಾರು ಒಂದು ಕಿಲೊಕ್ಯಾಲೊರಿ ಬೇಕು. 42 ಕಿಲೊ ತೂಕದವಳು 10 ಕಿಲೊಮೀಟರ್ ಓಡಿದರೆ 420 ಕಿಲೊಕ್ಯಾಲೊರಿ ಖರ್ಚು.

ಇನ್ನು ಜಮೆ. ಮುಂಜಾನೆಯ ಚಹಾ, ಬಿಸ್ಕತ್ತು 110. ಎಂಟನೇ ತರಗತಿಯವರೆಗಿನ ಹಿರಿಯ ಮಕ್ಕಳ ಬಿಸಿಯೂಟಕ್ಕೆ ನಿಗದಿಯಾದ ಪ್ರಮಾಣ 700 ಕಿಲೊಕ್ಯಾಲೊರಿ. ಅವಳು ಅಷ್ಟನ್ನೂ ಉಂಡಳು ಎನ್ನೋಣ. ಸಂಜೆ ಚಹಾ, ಒಂದು ಬೊಗಸೆ ಮಂಡಕ್ಕಿ 150. ರಾತ್ರಿ ಎರಡು ಜೋಳದ ರೊಟ್ಟಿ, ಪಲ್ಲೆ 400. ಒಟ್ಟು 1,360. ಶಾಲೆಯ ಹಾಲನ್ನು ‘ಓಡುವಾಗ ಹೊಟ್ಟೆ ಭಾರ’ ಎಂದು ಬಿಟ್ಟಿದ್ದಾಳೆ. ಮೊಟ್ಟೆಯೂ ಬೇಡ.

1,360ರಲ್ಲಿ ಓಟದ 420 ಕಳೆದರೆ ಉಳಿದದ್ದು 940. ಇದನ್ನು 34ರಿಂದ ಭಾಗಿಸಿದರೆ ಪ್ರತಿ ಕಿಲೊಗೆ 27.6 ಕಿಲೊಕ್ಯಾಲೊರಿ. ಉಸಿರಾಡಲು, ಬೆಳೆಯಲು, ಓದಲು, ಗಾಯ ಮಾಯಲು, ಮುಟ್ಟಾಗಲು, ಎಲುಬು ಕಟ್ಟಲು ಅವಳ ದೇಹದ ಬಳಿ ಉಳಿದ ಬಂಡವಾಳ ಇಷ್ಟೇ. ವಿಜ್ಞಾನಿಗಳು ಆರೋಗ್ಯವಂತ ಯುವತಿಗೆ ಹೇಳುವ ಅಂಕಿ 45. ಮೂವತ್ತಕ್ಕಿಂತ ಕೆಳಗಿಳಿದರೆ ಅಪಾಯದ ಗೆರೆ ದಾಟಿದಂತೆ. ಬೆಳೆಯುವ ವಯಸ್ಸಿನವರಿಗೆ 45ಕ್ಕಿಂತಲೂ ತುಸು ಹೆಚ್ಚೇ ಬೇಕು. ಈ ಅಂಕಿಗಳು ಅಂದಾಜಿನವು. ಒಬ್ಬೊಬ್ಬರ ದೇಹ ಒಂದೊಂದು ರೀತಿ. ಆದರೆ ಲೆಕ್ಕ ಯಾವ ಕಡೆ ವಾಲಿದೆ ಎಂಬುದು ಸ್ಪಷ್ಟ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಹುಡುಗಿ ಉಪವಾಸವಿಲ್ಲ. ಮೂರು ಹೊತ್ತೂ ಬಾಯಿಗೆ ಏನಾದರೂ ಹಾಕುತ್ತಿದ್ದಾಳೆ. ಮೈತೂಕವೂ ಬಹಳ ಇಳಿದಿಲ್ಲ. ದೇಹ ಬೇರೆ ಕೆಲಸಗಳನ್ನು ನಿಲ್ಲಿಸಿ ತೂಕವನ್ನು ಹೇಗೋ ಹಿಡಿದಿಟ್ಟುಕೊಂಡಿರುತ್ತದೆ. ಆದ್ದರಿಂದಲೇ ತೂಕದ ಯಂತ್ರ ನೋಡಿ ‘ಚೆನ್ನಾಗಿದ್ದಾಳೆ’ ಎಂದುಕೊಳ್ಳುವ ಹಾಗಿಲ್ಲ.

ಮುಟ್ಟು ಯಾಕೆ ನಿಲ್ಲುತ್ತದೆ?

ಮಿದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗವಿದೆ. ಮನೆಯ ಜಮಾಖರ್ಚು ನೋಡುವ ಹಿರಿಯಳಂತೆ ಇದು. ದೇಹಕ್ಕೆ ಸಾಕಷ್ಟು ಶಕ್ತಿ ಬರುತ್ತಿದೆಯೇ ಎಂದು ಸದಾ ಗಮನಿಸುತ್ತದೆ. ಎಲ್ಲ ಸರಿಯಿದ್ದರೆ ಗಂಟೆ ಒಂದೂವರೆ ಗಂಟೆಗೊಮ್ಮೆ ಸಣ್ಣ ಸಣ್ಣ ಮಿಡಿತಗಳಲ್ಲಿ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಪಿಟ್ಯುಟರಿ ಅದನ್ನು ಅಂಡಾಶಯಕ್ಕೆ ತಲುಪಿಸುತ್ತದೆ. ಅಂಡಾಶಯ ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ತಿಂಗಳ ಮುಟ್ಟು ಈ ಸರಪಳಿಯ ಕೊನೆಯ ಕೊಂಡಿ.

ಶಕ್ತಿ ಸಾಲದೆಂದು ಕಂಡರೆ ಹೈಪೊಥಲಾಮಸ್ ಏನು ಮಾಡುತ್ತದೆ? ಬರಗಾಲದಲ್ಲಿ ಮನೆಯ ಹಿರಿಯರು ಮದುವೆ ಮುಂದೂಡುವಂತೆ, ಸದ್ಯಕ್ಕೆ ಜೀವ ಉಳಿಸಿಕೊಳ್ಳಲು ಬೇಡದ ಕೆಲಸಗಳನ್ನು ಮುಂದೂಡುತ್ತದೆ. ಸಂದೇಶದ ಮಿಡಿತಗಳು ವಿರಳವಾಗುತ್ತವೆ. ಅಂಡಾಶಯ ಸುಮ್ಮನಾಗುತ್ತದೆ. ಮುಟ್ಟು ತಡವಾಗುತ್ತದೆ, ಆಮೇಲೆ ನಿಲ್ಲುತ್ತದೆ.

ಹಿಂದೆ ಇದಕ್ಕೆ ವ್ಯಾಯಾಮದ ದಣಿವೇ ಕಾರಣ, ಮೈಯಲ್ಲಿ ಕೊಬ್ಬು ಕಡಿಮೆಯಾಗುವುದೇ ಕಾರಣ ಎಂದು ನಂಬಿದ್ದರು. ಅಮೆರಿಕದ ಓಹಿಯೊ ವಿಶ್ವವಿದ್ಯಾಲಯದ ಆನ್ ಲೌಕ್ಸ್ ಈ ನಂಬಿಕೆಯನ್ನು ಪ್ರಯೋಗಕ್ಕೆ ಒಡ್ಡಿದರು. ವ್ಯಾಯಾಮ ಮಾಡಿದರೂ ಅದರ ಖರ್ಚಿಗೆ ತಕ್ಕಷ್ಟು ಊಟ ಕೊಟ್ಟಾಗ ಯುವತಿಯರ ಹಾರ್ಮೋನಿನ ಮಿಡಿತ ಕೆಡಲಿಲ್ಲ. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಲಭ್ಯ ಶಕ್ತಿ ಕಿಲೊಗೆ 30 ಕಿಲೊಕ್ಯಾಲೊರಿಗಿಂತ ಕೆಳಗಿಳಿದಾಗ ಐದೇ ದಿನಗಳಲ್ಲಿ ಮಿಡಿತದ ಲಯ ತಪ್ಪಿತು.

ಪಾಲಕರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹುಡುಗಿಯನ್ನು ಕೆಡಿಸಿದ್ದು ಓಟವಲ್ಲ, ಖಾಲಿ ಹೊಟ್ಟೆಯ ಓಟ.

ಎಲುಬಿನ ಠೇವಣಿ

ಮುಟ್ಟು ನಿಂತರೆ ಮುಟ್ಟಿನ ತೊಂದರೆ ತಪ್ಪಿತು ಎಂಬುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಈಸ್ಟ್ರೊಜೆನ್ನಿಗೆ ಇನ್ನೊಂದು ದೊಡ್ಡ ಕೆಲಸವಿದೆ. ಅದು ಎಲುಬಿನ ಕಾವಲುಗಾರ.

ಎಲುಬು ಕಲ್ಲಿನಂತೆ ಜಡವಲ್ಲ. ಹಳೆಯ ಭಾಗ ಕರಗಿ ಹೊಸ ಭಾಗ ಕಟ್ಟುವ ಕೆಲಸ ಅಲ್ಲಿ ಸದಾ ನಡೆದಿರುತ್ತದೆ. ಈಸ್ಟ್ರೊಜೆನ್ ಕಡಿಮೆಯಾದರೆ ಕರಗುವುದು ಹೆಚ್ಚಾಗಿ ಕಟ್ಟುವುದು ಹಿಂದೆ ಬೀಳುತ್ತದೆ. ಮುಟ್ಟು ನಿಂತ ವಯಸ್ಸಾದ ಹೆಂಗಸರ ಎಲುಬು ಸವೆಯುವುದು ಈ ಕಾರಣಕ್ಕೇ. ಅದೇ ಸವಕಳಿ ಹದಿಹರೆಯದಲ್ಲೇ ಶುರುವಾದರೆ?

1984ರಲ್ಲಿ ಬಾರ್ಬರಾ ಡ್ರಿಂಕ್‌ವಾಟರ್ ಮತ್ತು ಸಂಗಡಿಗರು ಮುಟ್ಟು ನಿಂತ 14 ಮಂದಿ ಕ್ರೀಡಾಪಟುಗಳನ್ನು, ಮುಟ್ಟು ಸರಿಯಾಗಿದ್ದ 14 ಮಂದಿಯೊಂದಿಗೆ ಹೋಲಿಸಿ ನೋಡಿದರು. ಮುಟ್ಟು ನಿಂತವರ ಸರಾಸರಿ ವಯಸ್ಸು ಸುಮಾರು 25. ಅವರ ಬೆನ್ನೆಲುಬಿನ ಸಾಂದ್ರತೆ ಮಾತ್ರ ಸುಮಾರು 51 ವರ್ಷದ ಹೆಂಗಸರಷ್ಟಿತ್ತು!

ಹದಿಹರೆಯ ಎಲುಬಿಗೆ ಠೇವಣಿ ಇಡುವ ಕಾಲ. ಅತಿ ವೇಗವಾಗಿ ಎಲುಬು ಬೆಳೆಯುವ ಎರಡೇ ವರ್ಷಗಳಲ್ಲಿ ದೊಡ್ಡವರ ಎಲುಬಿನ ಖನಿಜದ ಸುಮಾರು ಕಾಲು ಭಾಗ ಸೇರಿಕೊಳ್ಳುತ್ತದೆ. ಹೆಣ್ಣುಮಕ್ಕಳಲ್ಲಿ ಹದಿನೆಂಟರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಪಾಲು ಠೇವಣಿ ಮುಗಿದಿರುತ್ತದೆ. ಮುಂದಿನ ಐವತ್ತು ಅರವತ್ತು ವರ್ಷ ಬದುಕಬೇಕಾದುದು ಅದರ ಮೇಲೆ. ಊಟ ಸರಿಹೋದರೆ ಮುಟ್ಟು ಕೆಲವು ತಿಂಗಳಲ್ಲಿ ಮರಳಬಹುದು. ಎಲುಬು ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಪೂರ್ತಿ ಮೊದಲಿನಂತಾಗದೆಯೂ ಇರಬಹುದು.

ಕಲ್ಮಲದ ಹುಡುಗಿಯ ಕಾಲುನೋವಿನ ಗುಟ್ಟು ಇಲ್ಲಿರಬಹುದು. ಪ್ರತಿ ಹೆಜ್ಜೆಯ ಪೆಟ್ಟಿಗೆ ಎಲುಬಿನಲ್ಲಿ ಆಗುವ ಸೂಕ್ಷ್ಮ ಸವೆತವನ್ನು ದೇಹ ರಾತ್ರಿ ನಿದ್ದೆಯಲ್ಲಿ ರಿಪೇರಿ ಮಾಡುತ್ತದೆ. ಸಾಮಾನು ಸಾಲದಿದ್ದರೆ ರಿಪೇರಿ ಅರ್ಧಕ್ಕೆ ನಿಲ್ಲುತ್ತದೆ. ಒಂದು ದಿನ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ಮೊಣಕಾಲಿನ ಕೆಳಗಿನ ಎಲುಬು, ಪಾದದ ಎಲುಬುಗಳಲ್ಲಿ ಇದು ಹೆಚ್ಚು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು, ಓಡಿದಷ್ಟೂ ಹೆಚ್ಚಾಗುವ ನೋವು ಇದ್ದರೆ ಎಣ್ಣೆ ತಿಕ್ಕಿ ಮತ್ತೆ ಓಡಿಸುವುದು ತಪ್ಪು.

ಕೊರತೆ ಎಲ್ಲಿಂದ ಬಂತು?

ವಿದೇಶದ ಪುಸ್ತಕಗಳಲ್ಲಿ ಇದಕ್ಕೆ ಮುಖ್ಯ ಕಾರಣ ತೆಳ್ಳಗಾಗುವ ಹುಚ್ಚು ಎಂದಿರುತ್ತದೆ. ನಮ್ಮ ಕಡೆಯೂ ಕನ್ನಡಿ, ಮೊಬೈಲು ನೋಡಿ ಅನ್ನ ಬಿಡುವ ಹುಡುಗಿಯರು ಇಲ್ಲವೆಂದಲ್ಲ. ಆದರೆ ಹಳ್ಳಿಯ ಮನೆಗಳಲ್ಲಿ ಕಾರಣಗಳು ಬೇರೆಯೂ ಇರುತ್ತವೆ. ಯಾರೂ ಬೇಕೆಂದು ಹಸಿವು ಬರಿಸಿಕೊಳ್ಳುವುದಿಲ್ಲ.

ಮುಂಜಾನೆ ಓಟ ಮುಗಿಸಿ ಬಂದವಳು ಕಸ ಹೊಡೆದು, ನೀರು ತಂದು, ಶಾಲೆಯ ಹೊತ್ತಾಯಿತೆಂದು ಬರಿಹೊಟ್ಟೆಯಲ್ಲಿ ಓಡುತ್ತಾಳೆ. ಹತ್ತಿ ಬಿಡಿಸುವ ದಿನಗಳಲ್ಲಿ ರಜೆಯೆಂದರೆ ಹೊಲದ ಕೆಲಸ. ರಾತ್ರಿ ಎಲ್ಲರದೂ ಆದ ಮೇಲೆ ತಾಯಿಯೊಡನೆ ಕೊನೆಯಲ್ಲಿ ಉಣ್ಣುತ್ತಾಳೆ. ಆಗ ಬುಟ್ಟಿಯಲ್ಲಿ ಉಳಿದಷ್ಟೇ ರೊಟ್ಟಿ. ಸೋಮವಾರವೋ ಶನಿವಾರವೋ ಒಪ್ಪತ್ತು ಇದ್ದರೆ ಅದೂ ಸೇರಿತು. ಕಠಿಣವಾಗಿ ಓಡಿ ಬಂದ ಮೇಲೆ ಕೆಲ ಹೊತ್ತು ಹಸಿವೇ ಆಗದಿರುವುದೂ ಉಂಟು. ‘ಹಸಿವಿಲ್ಲವ್ವಾ’ ಎಂದರೆ ತಾಯಿಯೂ ನಂಬುತ್ತಾಳೆ.

ಶಾಲಾ ಕಬಡ್ಡಿಯಂಥ ಆಟಗಳಲ್ಲಿ ತೂಕದ ಮಿತಿ ಇರುತ್ತದೆ. ತೂಕ ನೋಡುವ ದಿನ ಹತ್ತಿರ ಬಂದಾಗ ಊಟ, ನೀರು ಬಿಡುವುದು ಅಪಾಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 50 ಕಿಲೊ ವಿಭಾಗದ ಫೈನಲ್ ತಲುಪಿದ ಮೇಲೆ ಒಂದು ರಾತ್ರಿಯಲ್ಲಿ ತೂಕ ಇಳಿಸಲು ಪಟ್ಟ ಪಾಡು ದೇಶಕ್ಕೆಲ್ಲ ಗೊತ್ತು. ಊಟ, ನೀರು ಬಿಟ್ಟು, ಬೆವರಿಳಿಸಿ, ಕೂದಲು ಕತ್ತರಿಸಿದರೂ 100 ಗ್ರಾಂ ಹೆಚ್ಚು ಉಳಿಯಿತು. ಅವರು ಅನರ್ಹರಾದರು, ದೇಹದಲ್ಲಿ ನೀರು ಕಡಿಮೆಯಾಗಿ ಚಿಕಿತ್ಸೆ ಪಡೆಯಬೇಕಾಯಿತು. ವೈದ್ಯರ ತಂಡವೇ ಜೊತೆಗಿದ್ದ ಪ್ರೌಢ ಕ್ರೀಡಾಪಟುವಿನ ಗತಿ ಇದಾದರೆ, ರಾಯಚೂರಿನ ಬಿಸಿಲಲ್ಲಿ ಬೆಳೆಯುವ ಮಗುವೊಂದು ಇದನ್ನು ಅನುಕರಿಸಬಾರದೆಂದು ಬೇರೆ ಹೇಳಬೇಕೆ? ಬೆಳೆಯುವ ಮಗುವಿನ ತೂಕ ಹೆಚ್ಚುವುದೇ ಸಹಜ. ಅದಕ್ಕೆ ಸರಿಹೊಂದುವ ವಿಭಾಗದಲ್ಲಿ ಆಡಿಸಬೇಕು.

ಕಾರಣ ಯಾವುದೇ ಇರಲಿ, ಹೈಪೊಥಲಾಮಸ್ ಅದನ್ನು ಕೇಳುವುದಿಲ್ಲ. ಬಡತನದಿಂದ ಬಿಟ್ಟ ಊಟವೂ ಅದಕ್ಕೆ ಒಂದೇ, ಚೆಲುವಿಗಾಗಿ ಬಿಟ್ಟ ಊಟವೂ ಒಂದೇ, ದೇವರ ಹೆಸರಿನಲ್ಲಿ ಬಿಟ್ಟ ಊಟವೂ ಒಂದೇ.

ಇದರ ಜೊತೆಗೆ ರಕ್ತಹೀನತೆಯ ಕಾಟ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇತ್ತು. ಸ್ನಾಯುಗಳಿಗೆ ಆಮ್ಲಜನಕ ಹೊರುವುದು ರಕ್ತದ ಹಿಮೊಗ್ಲೋಬಿನ್. ಅದು ಕಡಿಮೆಯಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಏದುಸಿರೇ ಗತಿ. ಊಟದ ಜೊತೆಗೆ ಚಹಾ ಕುಡಿದರೆ ಅದರ ಒಗರು ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಪಲ್ಲೆಯ ಮೇಲೆ ಹಿಂಡಿದ ನಿಂಬೆಹಣ್ಣು ಸೇರಲು ನೆರವಾಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಮೇಜಿನ ಸಂದಿಗೆ ಸೇರಿಸದೆ ಊಟದ ನಂತರ ನುಂಗಬೇಕು. ಆದರೆ ಗುಳಿಗೆ ಊಟಕ್ಕೆ ಬದಲಿಯಲ್ಲ. ರಕ್ತ ಸರಿಯಿದ್ದೂ ಶಕ್ತಿಯ ಕೊರತೆ ಇರಬಹುದು.

ಬುತ್ತಿಯಲ್ಲಿಯೇ ಇದೆ ಮದ್ದು

ಈ ಲೆಕ್ಕ ಸರಿದೂಗಿಸಲು ಡಬ್ಬಿಯ ಪುಡಿ ಬೇಡ, ಪೇಟೆಯ ಬಣ್ಣದ ಪಾನೀಯ ಬೇಡ. ರಾಯಚೂರು ಸೀಮೆಯ ಅಡುಗೆಮನೆಯಲ್ಲೇ ಅದಿದೆ.

ನಮ್ಮ ಹುಡುಗಿಯ ದಿನಕ್ಕೆ ಹೀಗೆ ಸೇರಿಸಿ ನೋಡಿ. ಒಂದು ಮುಷ್ಟಿ, ಅಂದರೆ ಸುಮಾರು 30 ಗ್ರಾಂ ಹುರಿದ ಶೇಂಗಾ: 170 ಕಿಲೊಕ್ಯಾಲೊರಿ. ಒಂದು ತುಂಡು ಬೆಲ್ಲ: 60. ಒಂದು ಬಾಳೆಹಣ್ಣು: 90. ರಾತ್ರಿ ಇನ್ನೊಂದು ರೊಟ್ಟಿ: 170. ಒಂದು ಮೊಟ್ಟೆ: 75. ಶಾಲೆಯ ಒಂದು ಲೋಟ ಹಾಲು: 90. ಒಟ್ಟು 655. ಈಗ ಅವಳ ಜಮೆ 2,015 ಆಯಿತು. ಓಟದ 420 ಕಳೆದು 34ರಿಂದ ಭಾಗಿಸಿದರೆ 46.9. ಅಪಾಯದ ಗೆರೆಯಿಂದ ಮೇಲೆ ಬಂದು 45ನ್ನೂ ದಾಟಿದಳು! ಇದೂ ಕನಿಷ್ಠವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ 13ರಿಂದ 15 ವಯಸ್ಸಿನ ಹುಡುಗಿಯರಿಗೆ ದಿನಕ್ಕೆ 2,400 ಕಿಲೊಕ್ಯಾಲೊರಿ, 1,000 ಮಿಲಿಗ್ರಾಂ ಕ್ಯಾಲ್ಸಿಯಂ, 30 ಮಿಲಿಗ್ರಾಂ ಕಬ್ಬಿಣಾಂಶ ಹೇಳಿದೆ. ತೊಗರಿಬೇಳೆ, ಹೆಸರುಕಾಳು, ಮೊಸರು, ರಾಗಿ, ಸಜ್ಜೆ ರೊಟ್ಟಿ, ಎಳ್ಳು, ಅಗಸಿ ಹಿಂಡಿ, ಪುಂಡಿಪಲ್ಲೆ, ನುಗ್ಗೆಸೊಪ್ಪು ಸರದಿಯ ಮೇಲೆ ತಾಟಿಗೆ ಬಂದರೆ ಆ ಗುರಿ ಬಹಳ ದೂರವೇನಲ್ಲ.

ಎಷ್ಟು ಎಂಬುದರಂತೆ ಯಾವಾಗ ಎಂಬುದೂ ಮುಖ್ಯ. ಓಟಕ್ಕೆ ಮುಂಚೆ ಬಾಳೆಹಣ್ಣೋ ಬೆಲ್ಲವೋ ಬಾಯಿಗೆ ಬೀಳಬೇಕು. ಓಟ ಮುಗಿದ ಅರ್ಧ ಮುಕ್ಕಾಲು ಗಂಟೆಯೊಳಗೆ ಶೇಂಗಾ, ಪುಟಾಣಿ, ಹಾಲು, ರೊಟ್ಟಿ ಏನಾದರೂ ಸರಿಯೆ, ಹೊಟ್ಟೆಗೆ ಹೋಗಬೇಕು. ಬೇಸಿಗೆಯಲ್ಲಿ ನೀರು, ಮಜ್ಜಿಗೆ, ಅಂಬಲಿ, ಉಪ್ಪು ಹಾಕಿದ ನಿಂಬೆ ಪಾನಕ ಮರೆಯಬಾರದು. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ನೀರು ಕುಡಿಯದ ಹುಡುಗಿಯರಿದ್ದರೆ, ಸರಿಪಡಿಸಬೇಕಾದದ್ದು ಶೌಚಾಲಯವನ್ನು.

ಬಿಸಿಯೂಟ ರಾಜ್ಯದಲ್ಲಿ 2002ರಲ್ಲಿ ಶುರುವಾದದ್ದು ರಾಯಚೂರೂ ಸೇರಿ ಉತ್ತರದ ಏಳು ಜಿಲ್ಲೆಗಳಿಂದ. 2013ರಲ್ಲಿ ಹಾಲು ಬಂತು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಕೊಡುವುದೂ ಅಪೌಷ್ಟಿಕತೆ ಹೆಚ್ಚಿದ್ದ ಈ ಭಾಗದಿಂದಲೇ ಆರಂಭವಾಯಿತು, ಬೇಡವೆಂದವರಿಗೆ ಬಾಳೆಹಣ್ಣು. 2024ರಲ್ಲಿ ಅದು ವಾರಕ್ಕೆ ಆರು ದಿನಕ್ಕೆ ಏರಿತು. ಓಡುವ ಹುಡುಗಿಗೆ ಈ ಹಾಲು, ಮೊಟ್ಟೆ ಬಿಡುವಂಥದ್ದಲ್ಲ. ಮೇಲಿನ ಲೆಕ್ಕದಲ್ಲಿ ಅವೆರಡೇ 165 ಕಿಲೊಕ್ಯಾಲೊರಿ ತಂದುಕೊಟ್ಟಿವೆ.

ವಿಶ್ರಾಂತಿಯೂ ಅಭ್ಯಾಸವೇ

ಸ್ನಾಯು ಬಲಗೊಳ್ಳುವುದು ಓಡುವಾಗಲ್ಲ, ಓಡಿ ಬಂದು ಮಲಗಿದಾಗ. ವಾರಕ್ಕೆ ಒಂದು ದಿನವಾದರೂ ಪೂರ್ತಿ ಬಿಡುವು ಬೇಕು. ಅಭ್ಯಾಸವನ್ನು ಒಮ್ಮೆಗೇ ಏರಿಸದೆ ವಾರ ವಾರಕ್ಕೆ ತುಸು ತುಸುವೇ ಏರಿಸಬೇಕು. ಮಕ್ಕಳ ವಿಷಯದಲ್ಲಿ ತಜ್ಞರು ಹೇಳುವ ಒಂದು ಸರಳ ಸೂತ್ರವಿದೆ: ವಾರದಲ್ಲಿ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ವರ್ಷಗಳನ್ನು ಮೀರಬಾರದು. ಹದಿನಾಲ್ಕರವಳಿಗೆ ಹದಿನಾಲ್ಕು ಗಂಟೆ ಮೇಲ್ಮಿತಿ. ಮನೆಗೆಲಸ, ಹೊಲದ ಕೆಲಸದ ದಣಿವನ್ನೂ ಇದರೊಡನೆ ನೆನಪಿಡಬೇಕು.

ಪಾಲಕರು ಗಮನಿಸಿ

ಕೆಳಗಿನ ಯಾವುದೇ ಸೂಚನೆ ಕಂಡರೆ ವೈದ್ಯರನ್ನು ಕಾಣಬೇಕು:

1. ಹದಿನೈದು ತುಂಬಿದರೂ ಮೈನೆರೆಯದಿರುವುದು.
2. ಮುಟ್ಟು ಒಂದು ಸಲ ರೂಢಿಗೆ ಬಂದ ಮೇಲೆ ಮೂರು ತಿಂಗಳು ಅಥವಾ ಹೆಚ್ಚು ಕಾಲ ನಿಲ್ಲುವುದು. ಮೈನೆರೆದ ಮೊದಲ ಒಂದೆರಡು ವರ್ಷ ದಿನಗಳು ಹಿಂದುಮುಂದಾಗುವುದು ಸಾಮಾನ್ಯವಾದರೂ ತಿಂಗಳುಗಟ್ಟಲೆ ನಿಲ್ಲುವುದು ಸಾಮಾನ್ಯವಲ್ಲ.
3. ಎಲುಬಿನ ಒಂದೇ ಜಾಗದಲ್ಲಿ ನೋವು; ಮತ್ತೆ ಮತ್ತೆ ಎಲುಬು ಬಿರುಕು ಬಿಡುವುದು.
4. ಅಭ್ಯಾಸ ಹೆಚ್ಚಿಸಿದರೂ ಓಟ ನಿಧಾನವಾಗುತ್ತ ಹೋಗುವುದು.
5. ಸದಾ ಸುಸ್ತು, ತಲೆಸುತ್ತು, ಚಳಿ, ಮೇಲಿಂದ ಮೇಲೆ ನೆಗಡಿ ಜ್ವರ, ಸಿಡುಕು, ನಿದ್ದೆಗೇಡು.
6. ಎಲ್ಲರೊಡನೆ ಕೂತು ಉಣ್ಣಲು ಹಿಂಜರಿಯುವುದು, ಉಂಡದ್ದನ್ನು ಕಕ್ಕುವುದು, ತೂಕದ ಬಗ್ಗೆ ಅತಿ ಚಿಂತೆ.

ಮುಟ್ಟು ನಿಲ್ಲಲು ಥೈರಾಯ್ಡ್ ದೋಷ, ಅಂಡಾಶಯದ ತೊಂದರೆ, ಗರ್ಭ ಮುಂತಾದ ಬೇರೆ ಕಾರಣಗಳೂ ಇರಬಹುದು. ಪರೀಕ್ಷಿಸಿ ಹೇಳಬೇಕಾದವರು ವೈದ್ಯರು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ಗಳಿವೆ. ಮೊದಲ ಮಾತಿಗೆ ಊರಿನ ಆಶಾ ಕಾರ್ಯಕರ್ತೆಯೂ ಆದಾರು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ‘ಮುಟ್ಟು ಬರಿಸುವ ಗುಳಿಗೆ’ ನುಂಗಿಸಿದರೆ ರಕ್ತ ಕಾಣಿಸಿಕೊಳ್ಳಬಹುದು. ಆದರೆ ಶಕ್ತಿಯ ಕೊರತೆ ಹಾಗೇ ಉಳಿದು ಎಲುಬು ಸವೆಯುತ್ತಲೇ ಇರುತ್ತದೆ. ಕ್ರೀಡಾಕೂಟಕ್ಕಾಗಿ ಮುಟ್ಟನ್ನು ಮುಂದೂಡುವ ಗುಳಿಗೆಯನ್ನೂ ವೈದ್ಯರನ್ನು ಕೇಳದೆ ಕೊಡಬಾರದು.

ತಂದೆಯಂದಿರು, ದೈಹಿಕ ಶಿಕ್ಷಕರು ಈ ಮಾತನ್ನು ಆಡಲು ಸಂಕೋಚಪಡುವುದು ಸಹಜ. ಶಾಲೆಯ ಶಿಕ್ಷಕಿಯೊಬ್ಬರು ಓಡುವ ಹುಡುಗಿಯರಿಗೆ ಒಂದು ಸಣ್ಣ ಕ್ಯಾಲೆಂಡರಿನಲ್ಲಿ ತಮ್ಮ ದಿನಗಳನ್ನು ಗುರುತಿಸಿಕೊಳ್ಳಲು ಕಲಿಸಿದರೂ ಸಾಕು. ಯಾರಿಗೂ ತೋರಿಸಬೇಕಾಗಿಲ್ಲ. ಮೂರು ಹಾಳೆ ಖಾಲಿ ಉಳಿದರೆ ಹುಡುಗಿಗೇ ತಿಳಿಯುತ್ತದೆ.

ಓಟ ನಿಲ್ಲಿಸಬೇಡಿ

ಇಷ್ಟೆಲ್ಲ ಓದಿದ ಪಾಲಕರೊಬ್ಬರು ‘ಹಾಗಾದರೆ ಓಡುವುದೇ ಬೇಡ, ಮನೆಯಲ್ಲಿರು’ ಎಂದರೆ ಈ ಲೇಖನದ ಉದ್ದೇಶವೇ ತಲೆಕೆಳಗಾದಂತೆ. ಓಟ, ಜಿಗಿತ, ಕಬಡ್ಡಿಯಂಥ ಆಟಗಳು ಎಲುಬನ್ನು ಗಟ್ಟಿ ಮಾಡುತ್ತವೆ, ಹೃದಯಕ್ಕೆ ಬಲ ಕೊಡುತ್ತವೆ, ನಾಲ್ಕು ಜನರ ಮುಂದೆ ತಲೆಯೆತ್ತಿ ನಿಲ್ಲುವ ಧೈರ್ಯ ಕಲಿಸುತ್ತವೆ. ಹುಡುಗಿಯರ ಓದನ್ನೇ ಅರ್ಧಕ್ಕೆ ಬಿಡಿಸುವ ಊರುಗಳಲ್ಲಿ ಕ್ರೀಡೆ ಎಷ್ಟೋ ಜನರನ್ನು ಶಾಲೆಯಲ್ಲಿ ಉಳಿಸಿದೆ. ವೈದ್ಯರು ಕೆಲವು ವಾರ ಓಟ ಕಡಿಮೆ ಮಾಡಲು ಹೇಳಿದರೆ ಕೇಳಬೇಕು. ಆಮೇಲೆ ಮರಳಿ ಓಡಬೇಕು, ಹೊಟ್ಟೆ ತುಂಬಿ ಓಡಬೇಕು.

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಮಗಳಿಗೆ ಹೊಸ ಬೂಟು, ಟ್ರ್ಯಾಕ್ ಸೂಟು ಕೊಡಿಸುವ ಮುಂಚೆ ಅವಳ ತಾಟಿನ ಕಡೆ ಒಮ್ಮೆ ನೋಡಬೇಕು. ಓಡುವ ಮಗಳು ಮನೆಯಲ್ಲಿ ಕೊನೆಗೆ ಉಣ್ಣುವವಳಾಗಬಾರದು.

ನಾಳೆ ಮುಂಜಾನೆ ಐದೂವರೆಗೆ ಕಲ್ಮಲದ ಆ ಹುಡುಗಿ ಮತ್ತೆ ಹೊರಡುತ್ತಾಳೆ. ಬಾಗಿಲಲ್ಲಿ ತಾಯಿ ಅವಳ ಕೈಗೆ ಒಂದು ಬಾಳೆಹಣ್ಣು ಕೊಟ್ಟು, ‘ಬಂದ ಕೂಡಲೆ ರೊಟ್ಟಿ ತಿಂದು ಸಾಲಿಗೆ ಹೋಗು, ಕಸ ನಾ ಹೊಡೀತೀನಿ’ ಎಂದರೆ ಅವಳ ಅಭ್ಯಾಸ ಆಗ ನಿಜವಾಗಿ ಶುರುವಾಗುತ್ತದೆ.